ಬೀರುವಿನ ಚಿಕ್ಕಮ್ಮನೂ ಒದ್ದೆ ಟವೆಲ್ಲೂ

"ಆ ದೃಶ್ಯ ಸಿನಿಮಾದಲ್ಲಿ ಇಲ್ಲ ಅಂತಾದ್ರೆ ನನ್ನ ಮೀಸೆ ಬೋಳಿಸ್ತೀನಿ!"

ಬುಧವಾರ ಬೆಳಗ್ಗೆ ಹನ್ನೊಂದರ ಚಹಾ ಹೊತ್ತಿನಲ್ಲಿ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಎಂಟೆದೆಯವರು ಮೇಜು ಗುದ್ದಿ ಹೀಗೆ ಘೋಷಿಸಿದರು. ಗುದ್ದಿದ ರಭಸಕ್ಕೆ ಯಾರದೋ ಓದುವ ಕನ್ನಡಕದ ಎಡಗಡೆಯ ಗಾಜು ಉರುಳಿಕೊಂಡು ಹೋಗಿ ಬಿಸ್ಕತ್ತಿನ ತಟ್ಟೆಯಲ್ಲಿ ಕೂತಿತು. ಯಜಮಾನರು ಅದನ್ನು ಬಿಸ್ಕತ್ತೆಂದೇ ತಿಳಿದು ಚಹಾಕ್ಕೆ ಅದ್ದಿದರು. ಅಷ್ಟು ಗಂಭೀರ ಗಳಿಗೆ ಅದು!

ಎಂಟೆದೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಂಗಡಿಯವರು ಕೊಟ್ಟ ಬಿರುದು. ಅವರ ಕೆಲಸ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಊರವರಿಗೆಲ್ಲ ಕಣ್ಣು ಕಾಣಿಸುವ ಪುಣ್ಯ ಕೆಲಸವಾದರೂ, ಹಿಂದಿನ ಕೋಣೆಯಲ್ಲಿ ಬೆನ್ನು ಬಾಗಿಸಿ ಯಂತ್ರದ ಮುಂದೆ ಕೂತವನನ್ನು ಕೇಳುವವರು ಯಾರು? ಗಿರಾಕಿ ಮುಂದಿನ ಕೌಂಟರಿನಲ್ಲಿರುವ ಫ್ರೇಮಿನ ಅಕ್ಕನಿಗೆ ಥ್ಯಾಂಕ್ಸ್ ಹೇಳಿ ನಡೆದುಬಿಡುತ್ತಾನೆ. ಆದರೆ ಚಹಾದ ಆ ಹದಿನೈದು ನಿಮಿಷ ಮಾತ್ರ ಎಂಟೆದೆಯವರದ್ದೇ ರಾಜ್ಯಭಾರ. ಸೋಮವಾರ ಬಂತೆಂದರೆ ಯಜಮಾನರೇ ಕುರ್ಚಿ ಎಳೆದುಕೊಂಡು ಬಂದು, "ಈ ವಾರ ಯಾವುದು ನೋಡಿದ್ರಿ?" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ಎಂಟೆದೆಯವರು ಉಳಿದ ಆರು ದಿನ ಬದುಕುತ್ತಿದ್ದರು ಎಂದರೂ ತಪ್ಪಿಲ್ಲ.

ಹೊಡೆದಾಟದ ಸಿನಿಮಾಗಳ ಬಗ್ಗೆ ಅವರ ಅಭಿಪ್ರಾಯಗಳು ಕಸುಬಿನಿಂದಲೇ ಹುಟ್ಟಿದವು.

"'ಸಿಡಿಮದ್ದಿನ ಅಳಿಯ' ನೋಡಿದೆ. ಬರೀ ಬುರುಡೆ! ಮೂರನೇ ಮಹಡಿ ಕಿಟಕಿ ಗಾಜು ಒಡ್ಕೊಂಡು ಹಾರ್ತಾನೆ, ಹುಬ್ಬಿನ ಮೇಲೆ ಒಂದೇ ಒಂದು ಗೀರು. ಅದೂ ಅಂದಕ್ಕೆ! ಇಷ್ಟಗಲ ಗಾಜು ಉಜ್ಜೋ ನನ್ನ ಹೆಬ್ಬೆರಳಿಗೆ ನಾಲ್ಕು ಪಟ್ಟಿ ಇದೆ ನೋಡಿ!"

"'ಒಂದೇ ಏಟಿಗೆ ಒಂಬತ್ತು' ಪರವಾಗಿಲ್ಲ. ಆದ್ರೆ ಖಳನಾಯಕ ನಲವತ್ತು ಒದೆ ತಿಂದ್ರೂ ಕಪ್ಪು ಕನ್ನಡಕ ಮೂಗು ಬಿಟ್ಟು ಜಾರಲ್ಲ. ನಮ್ಮ ಗಿರಾಕಿಗಳದ್ದು ಸೀನಿದ್ರೆ ಬಕೆಟ್ಟಿಗೆ ಬೀಳುತ್ತೆ. ಯಜಮಾನ್ರೇ, ಆ ಫ್ರೇಮ್ ಎಲ್ಲಿ ಸಿಗುತ್ತೆ, ಮೊದಲು ವಿಚಾರಿಸಿ!"

ಆದರೆ ಬಿರುದು ಬಂದದ್ದು ದೆವ್ವದ ಸಿನಿಮಾಗಳಿಂದ. ಇನ್ನುಳಿದವರು ಪೋಸ್ಟರ್ ನೋಡಿಯೇ ರಸ್ತೆ ದಾಟುವವರು. ಹಾಗಾಗಿ ಎಂಟೆದೆಯವರು ಹೇಳಿದ್ದೇ ವೇದವಾಕ್ಯ. ಅವರ ಸಿದ್ಧಾಂತವೂ ಘನವಾಗಿತ್ತು: "ಈಗಿನ ದೆವ್ವಗಳು ಮೊದಲಿನ ಹಾಗಲ್ಲ. ಮನೆವಾರ್ತೆಗೆ ಇಳಿದಿವೆ!" 'ಮೂಳೆ ಕಾರ್ಖಾನೆ'ಯ ದೆವ್ವ ನಲ್ಲಿ ಸರಿಯಾಗಿ ನಿಲ್ಲಿಸದವನ ಕತ್ತು ಹಿಸುಕಿತಂತೆ. 'ನೆಲಮಾಳಿಗೆಯ ಕೈ' ಎಂಬ ಸಿನಿಮಾದಲ್ಲಿ ಆ ಕೈ ಬಂದು, ಕುಡಿದಿಟ್ಟ ಲೋಟಗಳನ್ನೆಲ್ಲ ಒಂದೊಂದಾಗಿ ನಾಯಕನ ಎದೆಯ ಮೇಲೆ ಜೋಡಿಸಿತಂತೆ. ಇನ್ನು 'ಬೀರುವಿನ ಚಿಕ್ಕಮ್ಮ'! ಬೀರು ಕಿರ್ರೆಂದು ತೆರೆಯುತ್ತದೆ, ಬಿಳಿ ಬಟ್ಟೆಯ ಚಿಕ್ಕಮ್ಮ ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಹೊರಬರುತ್ತಾಳೆ, ನಾಯಕನ ಮುಖಕ್ಕೆ ಮುಖ ಕೊಟ್ಟು, "ಇದನ್ನ ಮತ್ತೆ ಹಾಸಿಗೆ ಮೇಲೆ ಬಿಸಾಕಿದ್ದು ಯಾರು?" ಎನ್ನುತ್ತಾಳೆ. ಇದನ್ನು ಕೇಳಿ ಯಜಮಾನರು ಎರಡು ದಿನ ಬೀರು ತೆಗೆಯದೆ ಅದೇ ಅಂಗಿಯಲ್ಲಿ ಬಂದಿದ್ದರು.

ಅಂಥ ಸುಖದ ರಾಜ್ಯಕ್ಕೆ ಕಣ್ಣು ಪರೀಕ್ಷೆಯ ಹೊಸ ಮೇಡಂ ಕಾಲಿಟ್ಟರು. ಸೇರಿ ಮೂರೇ ದಿನ. ಚಹಾ ಊದುತ್ತಾ ತಣ್ಣಗೆ ಹೇಳಿದರು: "ಸಾರ್, ಆ ಸಿನಿಮಾ ನಾನು ಮೂರು ಸಲ ನೋಡಿದ್ದೀನಿ. ಅದ್ರಲ್ಲಿ ಟವೆಲ್ಲೇ ಇಲ್ಲ."

ಮೇಜಿನ ಗುದ್ದು, ಮೀಸೆಯ ಪಣ, ಎಲ್ಲ ಆದದ್ದು ಆಗಲೇ. ಶನಿವಾರ ಅಂಗಡಿ ಅರ್ಧ ದಿನ. ಮಧ್ಯಾಹ್ನ ಎಲ್ಲರೂ ಎಂಟೆದೆಯವರ ಮನೆಯಲ್ಲಿ ಸೇರುವುದು, ಸಿನಿಮಾ ಹಾಕಿ ನೋಡುವುದು, ಟವೆಲ್ ಇದೆಯೋ ಇಲ್ಲವೋ ಇತ್ಯರ್ಥ ಮಾಡುವುದು ಎಂದು ತೀರ್ಮಾನವಾಯಿತು.

ಈಗ ಒಂದು ಗುಟ್ಟು ಹೇಳಲೇಬೇಕು. ಎಂಟೆದೆಯವರಿಗೆ ಇದ್ದದ್ದು ಒಂದೇ ಎದೆ, ಅದೂ ಪುಕ್ಕಲು. ಭಾನುವಾರ ಮಧ್ಯಾಹ್ನ ಪರದೆ ಎಳೆದು ಸಿನಿಮಾ ಹಾಕುವವರೆಗೆ ಧೈರ್ಯ ಇರುತ್ತಿತ್ತು. ಪಿಟೀಲು ಕುಯ್ಯೆಂದ ಕೂಡಲೇ ಹೊದಿಕೆ ತಲೆಯ ಮೇಲೆ, ಎರಡೂ ಬೆರಳು ಕಿವಿಯಲ್ಲಿ! ಪಕ್ಕದಲ್ಲಿ ಕೂತ ಹೆಂಡತಿ ಮೊಣಕೈಯಿಂದ ತಿವಿದು, "ಹೋಯ್ತು, ಕಣ್ಣು ಬಿಡಿ" ಎಂದ ಮೇಲೆಯೇ ಈಚೆ ತಲೆ. ಆಮೇಲೆ, "ಏನಾಯ್ತೇ?" ಎಂದು ಕೇಳುವುದು, ಆಕೆ ಹೇಳಿದ್ದನ್ನು ಸೋಮವಾರ ಅಂಗಡಿಯಲ್ಲಿ ತನ್ನದೇ ಎಂದು ಒಪ್ಪಿಸುವುದು. ಹನ್ನೊಂದು ವರ್ಷದಿಂದ ನಡೆದು ಬಂದ ಪದ್ಧತಿ. ಆಕೆಯ ಮೇಲೆ ಅವರಿಗೆ ಅಪಾರ ನಂಬಿಕೆ. ಯಾಕೆಂದರೆ ಆಕೆ ಪರೀಕ್ಷಾಲಯದಲ್ಲಿ ದಿನಕ್ಕೆ ಐವತ್ತು ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು. ಅಂಥವಳಿಗೆ ದೆವ್ವ ಯಾವ ಲೆಕ್ಕ!

ಸುದ್ದಿ ಕೇಳಿ ಆಕೆಯ ಮುಖ ಸ್ವಲ್ಪ ಬಿಳಿಚಿತು.

"ರೀ, ಬೇರೆ ಸಿನಿಮಾ ಹಾಕಿ. ಅದು ಬೇಡ."

"ಯಾಕೆ ಬೇಡ? ಟವೆಲ್ ಇದೆ ಅಂತ ನೀನೇ ಹೇಳಿದ್ಯಲ್ಲ?"

"ಹೇಳಿದ್ದೆ... ಆದ್ರೆ ನೆನಪು ಹೆಚ್ಚುಕಮ್ಮಿ ಆಗಿರಬಹುದು."

"ಟವೆಲ್ ಮರೆಯೋ ಹೆಂಗಸಾ ನೀನು? ವರ್ಷಕ್ಕೆ ಮುನ್ನೂರು ದಿನ ನನಗೆ ಅದನ್ನೇ ನೆನಪಿಸ್ತೀಯ!" ಎಂದು ಎಂಟೆದೆಯವರು ನಕ್ಕರು. ಆ ಮಾತಿನಲ್ಲಿ ಏನೋ ಅಡಗಿದೆ ಎಂದು ಅವರ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಮೀಸೆ ಉಳಿಯುತ್ತಿತ್ತು.

ಅವರ ಚಿಂತೆ ಬೇರೆಯೇ ಆಗಿತ್ತು. ಎಲ್ಲರ ಮುಂದೆ ಹೊದಿಕೆ ಹೊದೆಯುವಂತಿಲ್ಲ, ಕಣ್ಣು ಬಿಟ್ಟೇ ಕೂರಬೇಕು. ಶುಕ್ರವಾರ ಸಂಜೆ ಉಪಾಯ ಹೊಳೆಯಿತು. ಅಳತೆ ತಪ್ಪಿ ತಯಾರಾಗಿ ಡ್ರಾಯರಿನಲ್ಲಿ ಕೊಳೆಯುತ್ತಿದ್ದ ಒಂದು ಕನ್ನಡಕ, ಮೈನಸ್ ಹನ್ನೆರಡು ಪವರಿನದ್ದು. ಹಾಕಿಕೊಂಡು ನೋಡಿದರೆ ಎದುರಿನ ಗೋಡೆಯೇ ಕರಗಿಹೋಯಿತು! ಕಣ್ಣು ಬಿಟ್ಟಂತೆಯೂ ಆಯಿತು, ಕಾಣದಂತೆಯೂ ಆಯಿತು. ಕಿವಿಗೆ ಹತ್ತಿ. "ವಿದ್ಯೆ ಕಲಿತವನಿಗೆ ಭಯವೇನು!" ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಶನಿವಾರ ಬಂತು. ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಸೋಫಾದಲ್ಲಿ ಯಜಮಾನರು, ಅವರಿಗಂಟಿಕೊಂಡು ಫ್ರೇಮಿನ ಅಕ್ಕ, ರಿಮೋಟ್ ಹಿಡಿದು ಮೇಡಂ. ಮುಂದಿನ ಕುರ್ಚಿಯಲ್ಲಿ ಎದೆಯುಬ್ಬಿಸಿ ಎಂಟೆದೆಯವರು.

ಮೇಡಂ ಎಂಟೆದೆಯವರ ಮುಖವನ್ನೇ ನೋಡಿದರು. "ಸಾರ್, ನಿಮ್ಮ ಕಣ್ಣು ಯಾಕೆ ಇಷ್ಟು ಚಿಕ್ಕದಾಗಿದೆ? ಇದು ಯಾವ ಪವರ್?"

"ಏಕಾಗ್ರತೆ, ಮೇಡಂ!"

ಸಿನಿಮಾ ಶುರುವಾಯಿತು. ಎಂಟೆದೆಯವರಿಗೆ ಕಂಡದ್ದು ಬೂದು ಬಣ್ಣದ ಗಂಜಿ, ಕೇಳಿದ್ದು ದೂರದ ಗುಂಯ್‌ಗುಂಯ್. ಎಂಥ ಆನಂದ! ಹಿಂದಿನಿಂದ ಯಜಮಾನರು "ಅಯ್ಯಪ್ಪಾ!" ಎಂದಾಗಲೆಲ್ಲ ಇವರು, "ಸಾಧಾರಣ, ಸಾಧಾರಣ" ಎಂದು ತಲೆಯಾಡಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಬಿರುದಿಗೆ ತಕ್ಕ ಗಂಡಸಾಗಿ ಕೂತಿದ್ದರು.

ಒಂದು ಗಂಟೆ ಕಳೆಯಿತು. "ಇನ್ನೆರಡು ನಿಮಿಷ. ಬೀರು ತೆರೆಯುತ್ತೆ" ಎಂದರು ಮೇಡಂ. ಆಗಲೇ ಬೀಗ ತೆಗೆದ ಸದ್ದಾಯಿತು, ಎಂಟೆದೆಯವರ ಹೆಂಡತಿ ಬಂದರು. ಎಲ್ಲರಿಗೂ ಕೈಮುಗಿದು ಸೀದಾ ಒಳಗೆ ಹೋದರು. ಯಜಮಾನರಿಗೆ ಅದೇ ನೆಪ ಸಾಕಾಯಿತು. "ಮೇಡಂ, ಒಂಚೂರು ನಿಲ್ಲಿಸಿ. ಚಹಾ ಬರಲಿ. ಖಾಲಿ ಹೊಟ್ಟೆಯಲ್ಲಿ ಬೀರು ಬೇಡ!" ಮೇಡಂ ನಿಲ್ಲಿಸಿದರು. ಪರದೆ ಎಳೆದಿದ್ದ ಕೋಣೆಯಲ್ಲಿ ಸಣ್ಣ ಬೆಳಕೊಂದೇ ಉಳಿಯಿತು.

ಕಿವಿಯಲ್ಲಿ ಹತ್ತಿ, ಕಣ್ಣಿಗೆ ಮೈನಸ್ ಹನ್ನೆರಡು. ಹೆಂಡತಿ ಬಂದದ್ದಾಗಲಿ ಸಿನಿಮಾ ನಿಂತದ್ದಾಗಲಿ ಎಂಟೆದೆಯವರಿಗೆ ಹೇಗೆ ಗೊತ್ತಾಗಬೇಕು? "ಎರಡು ನಿಮಿಷ" ಎಂದದ್ದಷ್ಟೇ ಹೇಗೋ ಕಿವಿಗೆ ಬಿದ್ದಿತ್ತು. ಉಸಿರು ಬಿಗಿಹಿಡಿದು ಕಾದರು.

ಬಂತು! ಬೂದು ಗಂಜಿಯೊಳಗಿಂದ ಉದ್ದನೆಯ ಬಿಳಿ ಆಕಾರವೊಂದು ತೇಲಿ ತೇಲಿ ಬಂತು. ತೆರೆ ಬಿಟ್ಟು ಹೊರಗೇ ಬಂತು! ಹೆಗಲ ಮೇಲೆ ಏನೋ ನೇತಾಡುತ್ತಿತ್ತು. ಅದು ಬಾಗಿ, ಮುಖಕ್ಕೆ ಮುಖ ಕೊಟ್ಟು, ಹತ್ತಿಯನ್ನೂ ಸೀಳುವ ದನಿಯಲ್ಲಿ ಕೇಳಿತು:

"ಇದನ್ನ ಮತ್ತೆ ಹಾಸಿಗೆ ಮೇಲೆ ಬಿಸಾಕಿದ್ದು ಯಾರು?"

"ಬಂದ್ಳು! ಚಿಕ್ಕಮ್ಮ ಬಂದ್ಳು! ಟವೆಲ್ ಇದೆ! ನಾನ್ ಹೇಳ್ಲಿಲ್ವಾ, ಟವೆಲ್ ಇದೆ! ಅಯ್ಯಯ್ಯೋ, ಕಾಪಾಡಿ!" ಎಂದು ಎಂಟೆದೆಯವರು ಗೆದ್ದ ಹಿಗ್ಗನ್ನೂ ಸಾಯುವ ಭಯವನ್ನೂ ಒಂದೇ ಉಸಿರಿನಲ್ಲಿ ಕೂಗಿ, ಕುರ್ಚಿಯಿಂದ ನೆಗೆದು, ಸೋಫಾ ಏರಿ, ಯಜಮಾನರ ಹೆಗಲ ಮೇಲೆ ಕೂತರು. ಕಾಲು ತಗುಲಿ ಆ ಆಕಾರದ ಕೈಯಲ್ಲಿದ್ದ ಚಹಾದ ತಟ್ಟೆ ಹಾರಿತು. ನಾಲ್ಕು ಲೋಟ ಚಹಾದಲ್ಲಿ ಮೂರು ಯಜಮಾನರ ಮಡಿಲಿಗೆ, ಒಂದು ಫ್ರೇಮಿನ ಅಕ್ಕನ ಚೀಲಕ್ಕೆ. ಯಾವ ಹೊಡೆದಾಟದ ಸಿನಿಮಾದಲ್ಲೂ ಇಂಥ ನೆಗೆತ ಇರಲಿಲ್ಲ ಎಂದು ಮೇಡಂ ಆಮೇಲೆ ಪ್ರಮಾಣ ಮಾಡಿ ಹೇಳಿದರು.

ದೀಪ ಹತ್ತಿತು. ಕನ್ನಡಕವೂ ಕಿವಿಯ ಹತ್ತಿಯೂ ಎಲ್ಲೋ ಬಿದ್ದಿದ್ದವು. ಎದುರಿಗೆ ಪರೀಕ್ಷಾಲಯದ ಬಿಳಿ ಕೋಟಿನಲ್ಲಿ, ಹೆಗಲಿಗೆ ಒದ್ದೆ ಟವೆಲ್ ಹಾಕಿಕೊಂಡು, ಖಾಲಿ ಕೈಯಲ್ಲಿ ನಿಂತಿದ್ದವರು ಅವರ ಧರ್ಮಪತ್ನಿ!

ಫ್ರೇಮಿನ ಅಕ್ಕ ಟವೆಲ್ ನೋಡಿದರು, ನೆಲದ ಲೋಟಗಳನ್ನು ನೋಡಿದರು, ಒಳಗೆ ತೊಟ್ಟಿಕ್ಕುತ್ತಿದ್ದ ನಲ್ಲಿಯ ಸದ್ದಿಗೆ ಕಿವಿಗೊಟ್ಟರು. "ಅಂದ್ರೆ... ಆ ದೆವ್ವಗಳೆಲ್ಲ..." ಎಂದು ಬಾಯಿ ಮುಚ್ಚಿಕೊಂಡರು.

ಮೇಡಂ ರಿಮೋಟ್ ಒತ್ತಿದರು. ಬೀರು ಕಿರ್ರೆಂದು ತೆರೆಯಿತು. ಒಳಗೆ ಏನೂ ಇಲ್ಲ. ಬರಿದೋ ಬರಿದು. "ಇದೇ ಭಯ ಸಾರ್ ಇಲ್ಲಿ. ಖಾಲಿ ಇರೋದು" ಎಂದರು. ದಿಂಬಿನ ಹಿಂದಿನಿಂದ ಯಜಮಾನರು, "ನೋಡಿದೆ, ನೋಡಿದೆ, ನಿಲ್ಲಿಸಿ!" ಎಂದರು.

ಎಂಟೆದೆಯವರು ಹೆಂಡತಿಯತ್ತ ತಿರುಗಿದರು. ನಾಳಿದ್ದಿನಿಂದ ಚಹಾ ಹೊತ್ತಿನಲ್ಲಿ ತನ್ನ ಪಕ್ಕ ಯಾರು ಕುರ್ಚಿ ಎಳೆದುಕೊಂಡು ಬರುತ್ತಾರೆ ಎಂಬ ಸಂಕಟ ಅವರಿಗೆ.

"ಏನೇ ಇದು? ಹನ್ನೊಂದು ವರ್ಷ ಸುಳ್ಳು ಹೇಳಿದ್ಯಾ?"

"ಏನ್ಮಾಡ್ಲಿ? ಏನಾಯ್ತೇ ಅಂತ ಕೇಳ್ತೀರ, ನಾನು ನೋಡಿದ್ರೆ ತಾನೇ ಹೇಳೋದು? ನಾನೂ ಕಣ್ಣು ಮುಚ್ಕೊಂಡಿರ್ತಿದ್ದೆ!"

"ನೀನಾ? ದಿನಾ ಐವತ್ತು ಜನರ ರಕ್ತ ತೆಗೀತೀಯಲ್ಲೇ!"

"ಅದು ಕೆಲಸ ಕಣ್ರೀ. ಟಿವಿಯಲ್ಲಿರೋ ರಕ್ತ ನೋಡೋಕೆ ನಂಗೇನು ಸಂಬಳ ಕೊಡ್ತಾರಾ?"

"ಮತ್ತೆ 'ಹೋಯ್ತು, ಕಣ್ಣು ಬಿಡಿ' ಅಂತ ಹೇಗೆ ಹೇಳ್ತಿದ್ದೆ?"

"ಪಿಟೀಲು ನಿಂತ ಮೇಲೆ ಹತ್ತು ಎಣಿಸ್ತಿದ್ದೆ. ಆಮೇಲೆ ಆವತ್ತು ಬೆಳಗ್ಗೆ ನೀವು ಏನು ಮಾಡಿದ್ರೋ ಅದನ್ನೇ ದೆವ್ವದ ಬಾಯಿಗೆ ಹಾಕ್ತಿದ್ದೆ. ನಾನು ಹೇಳಿದ್ರೆ ಕೇಳಲ್ಲ, ದೆವ್ವ ಹೇಳಿದ್ರಾದ್ರೂ ಕೇಳ್ತೀರೇನೋ ಅಂತ. ಕೇಳಿದ್ರಾ? ಊರಿಗೆಲ್ಲ ಹೇಳ್ಕೊಂಡು ಬಂದ್ರಿ. ಟವೆಲ್ ಮಾತ್ರ ಅಲ್ಲೇ!"

ಯಜಮಾನರು ಒದ್ದೆ ಪ್ಯಾಂಟು ಹಿಂಡುತ್ತಾ ಎದ್ದರು. "ನಿಜ ಹೇಳ್ಬೇಕು ಅಂದ್ರೆ, ಆ ಖಾಲಿ ಬೀರುಗಿಂತ ಇವರ ಕಥೆನೇ ಚೆನ್ನಾಗಿದೆ. ಸೋಮವಾರವೂ ಹೇಳಿ, ಎಂಟೆದೆಯವರೇ. ಕಥೆ ನಿಮ್ಮ ಮನೆಯವರದ್ದು ಅಂತ ಮಾತ್ರ ಹೇಳ್ಬಿಡಿ. ಆದ್ರೆ..." ಎಂದು ಮೀಸೆಯತ್ತ ಬೆರಳು ತೋರಿಸಿದರು, "ಪಣ ಪಣಾನೇ!"

ಎಲ್ಲರೂ ಹೋದ ಮೇಲೆ ಎಂಟೆದೆಯವರು ಮೊದಲು ಟವೆಲ್ ಒಯ್ದು ಹಗ್ಗದ ಮೇಲೆ ಹರವಿದರು. ನಲ್ಲಿ ತಿರುಗಿಸಿ ನಿಲ್ಲಿಸಿದರು. ಆಮೇಲೆ ಕನ್ನಡಿಯ ಮುಂದೆ ಕೂತು ಸೋಪು ಹಚ್ಚಿ ರೇಜರ್ ಎತ್ತಿದರು. ಇಪ್ಪತ್ತು ವರ್ಷ ಸಾಕಿದ ಮೀಸೆ!

"ನಂಗೆ ನೋಡೋಕಾಗಲ್ಲ ಕಣೇ. ನೀನೇ ತೆಗಿ" ಎಂದು ರೇಜರ್ ಹೆಂಡತಿಯ ಕೈಗಿತ್ತು, ಎಂದಿನಂತೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಸರ್ರ್, ಸರ್ರ್. ರೇಜರ್ ಮೇಲ್ದುಟಿಯ ಮೇಲೆ ಸಾಗಿತು. ಸ್ವಲ್ಪ ಹೊತ್ತಿಗೆ ಅದು ಕೆನ್ನೆ ಹತ್ತಿ ಕಿವಿಯ ಕಡೆ ಹೊರಟಂತೆ ಎಂಟೆದೆಯವರಿಗೆ ಅನ್ನಿಸಿತು.

"ಲೇ... ನೀನು ಕಣ್ಣು ಬಿಟ್ಕೊಂಡಿದ್ದೀಯ ತಾನೇ?"

ಹೆಂಡತಿ ಮೂಗು ಸುರ್ರೆಂದು ಎಳೆದುಕೊಂಡರು.

"ಆ ಮೀಸೆ ಹೋಗೋದನ್ನ ನನ್ನ ಕೈಲಿ ನೋಡೋಕಾಗುತ್ತೇನ್ರೀ?"