ಪಂಪಣ್ಣನ ಸ್ಟ್ಯಾಂಡ್‌ಬೈ

ಬಳೆಯಷ್ಟಗಲದ ಒಂದು ಬೇರಿಂಗು ಆ ಬೆಳಗ್ಗೆ ಬಾಯಿ ತೆರೆಯದಿದ್ದರೆ ಪಂಪಣ್ಣನ ದಿನ ಸುಸೂತ್ರವಾಗಿ ಸಾಗುತ್ತಿತ್ತು. ಸಂಜೆ ಮಗಳ ಶಾಲೆಯಲ್ಲಿ ಅಪ್ಪ-ಮಕ್ಕಳ ಮೂರು ಕಾಲಿನ ಓಟ. ಹೋದ ವರ್ಷ ಮಾತು ಕೊಟ್ಟು ತಪ್ಪಿದ್ದ. ಅದರ ಹಿಂದಿನ ವರ್ಷವೂ. "ಈ ಸಲ ಆಕಾಶ ಕಳಚಿ ಬಿದ್ರೂ ಬರ್ತೀನಿ ಪುಟ್ಟಿ," ಅಂದಾಗ ಅವಳು ಬೂಟಿನ ದಾರ ಕಟ್ಟುತ್ತಲೇ "ಸರಿ ಅಪ್ಪ" ಅಂದಿದ್ದಳು. ಜಗಳವಾಡಿದ್ದರೆ ವಾಸಿಯಿತ್ತು.

ಬಾಗಿಲಾಚೆ ಎದುರುಮನೆ ದರ್ಜಿ ಕುಂಟುತ್ತ ಸಿಕ್ಕಿದ. ಕೆಲವು ದಿನದಿಂದ ಹಾಗೇ.

"ಕೀಲಿಗೆ ಆಗಾಗ ಎಣ್ಣೆ ಬಿಡಬೇಕಯ್ಯಾ. ಮೈಯೂ ಮೆಷಿನ್ನೇ!" ಎಂದು ಪಂಪಣ್ಣ ಬುದ್ಧಿ ಹೇಳಿದ. ದರ್ಜಿ ಯಾಕೋ ಮುಖ ತಪ್ಪಿಸಿದ.

ಪಂಪಣ್ಣ ಆಸ್ಪತ್ರೆಗೆ ನೀರೆತ್ತುವ ಪಂಪುಗಳ ಮೆಕ್ಯಾನಿಕ್. ಹೆಸರು ಅಂಟಿಕೊಂಡದ್ದೂ ಅಲ್ಲೇ. ಪಂಪು ಎರಡು: ಒಂದು ಓಡಲಿಕ್ಕೆ, ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು, ಸ್ಟ್ಯಾಂಡ್‌ಬೈ. ಅಂದು ಓಡುವ ಪಂಪಿನ ಬೇರಿಂಗು ಹೆರಿಗೆ ವಾರ್ಡಿನ ಕೂಸುಗಳೆಲ್ಲ ಎದ್ದು ಅಳುವಂತೆ ಅರಚಿ, ಹೊಗೆಯಾಡಿ, ನಿಂತೇಬಿಟ್ಟಿತು.

"ಇನ್ನೊಂದನ್ನ ಹಾಕಣ್ಣಾ! ಕೈ ತೊಳೆಯೋಕೆ ನೀರಿಲ್ದೆ ಆಪರೇಷನ್ ನಿಂತಿದೆ!" ನರ್ಸ್ ಓಡಿಬಂದಳು.

ಇನ್ನೊಂದು ಹೊಸ ಬಣ್ಣ ಬಳಿಸಿಕೊಂಡು ಮದುಮಗನಂತೆ ನಿಂತಿತ್ತು. ಒಳಗೆ ಬೇರಿಂಗೇ ಇರಲಿಲ್ಲ. ಹಿಂದಿನ ಸಲ ಅದನ್ನು ಬಿಚ್ಚಿ ಓಡುವ ಪಂಪಿಗೆ ಹಾಕಿದವನು ಪಂಪಣ್ಣನೇ. ಹೊಸದು ಕೇಳಿದಾಗಲೆಲ್ಲ ಉಗ್ರಾಣದವನು ನಗುತ್ತಿದ್ದ: "ಎರಡು ಪಂಪಿಟ್ಕೊಂಡು ಬಿಡಿಭಾಗ ಬೇರೆ ಬೇಕಾ? ಎರಡು ಛತ್ರಿ ಇರೋನು ಮೂರನೇದರ ಕಡ್ಡಿ ಕೇಳಿದ ಹಾಗಾಯ್ತು!" ಈಗ ಅವನೇ ಫೋನು ಹಿಡಿದು ಅಂಗಡಿಯವರಿಗೆಲ್ಲ ಅಂಗಲಾಚಿ, "ನಾಳೆ ಬರುತ್ತಂತೆ," ಎಂದ, ಹರಳೆಣ್ಣೆ ಕುಡಿದ ಮುಖದಲ್ಲಿ.

ಕಡೆಗೆ ಅದೇ ಅಳತೆಯದು ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ, ಅಲ್ಲಿನ ಸ್ಟ್ಯಾಂಡ್‌ಬೈ ಯಂತ್ರದ ಹೊಟ್ಟೆಯೊಳಗೆ.

"ಬಿಚ್ಕೋ," ಎಂದಳು ಅಲ್ಲಿಯ ಅಕ್ಕ. "ನಾಳೆ ನನ್ನ ಮೆಷಿನ್ ನಿಂತ್ರೆ ನಿನ್ನ ಅಂಗಿ ಬಿಚ್ಚಿ ಮಂಚಕ್ಕೆ ಹಾಸ್ತೀನಿ, ಅಷ್ಟೇ."

ಬಿಚ್ಚುವುದಕ್ಕೊಂದು ಯುಗ, ಕೂರಿಸುವುದಕ್ಕೊಂದು ಯುಗ. ನೋಡಲು ನಿಂತ ಆಂಬುಲೆನ್ಸ್ ಡ್ರೈವರ್ "ಜೋರಾಗಿ ಹೊಡಿ" ಅಂದ. ಆಸ್ಪತ್ರೆಯ ಅಡಿಗೆಯವನು "ಮೆಲ್ಲಗೆ" ಅಂದ. ಇಬ್ಬರ ಮಾತೂ ಕೇಳಿ ಪಂಪಣ್ಣ ಹೆಬ್ಬೆರಳು ಜಜ್ಜಿಕೊಂಡ. ನೀರು ಬಂದದ್ದೇ ಎಲ್ಲರೂ ನಲ್ಲಿಯತ್ತ ಓಡಿದರು. ಪಂಪಣ್ಣ ಕೈಯ ಗ್ರೀಸನ್ನೂ ತೊಳೆಯದೆ ಶಾಲೆಯತ್ತ ಓಡಿದ.

ಶಾಲೆ ಮುಟ್ಟಿದಾಗ ಓಟದ ಸೀಟಿ ಇನ್ನೂ ಊದಿರಲಿಲ್ಲ. ಬಂದಿದ್ದ! ಈ ಸಲ ಬಂದೇಬಿಟ್ಟಿದ್ದ!

ಮಗಳು ಗೆರೆಯ ಮೇಲೆ ನಿಂತಿದ್ದಳು. ಅವಳ ಕಾಲಿಗೆ ಇನ್ನೊಂದು ಕಾಲು ಸೇರಿಸಿ, ಅಂದವಾಗಿ ಹೊಲಿದ ಪಟ್ಟಿಯಲ್ಲಿ ಬಿಗಿದಿತ್ತು. ಅದು ದರ್ಜಿಯ ಕಾಲು.

ದರ್ಜಿ ತಬ್ಬಿಬ್ಬಾಗಿ ಬಗ್ಗಿದ. "ಬಂದ್ರಲ್ಲಾ ಅಣ್ಣ... ಬಿಚ್ಚಿಬಿಡ್ತೀನಿ."

"ಬೇಡ ಮಾಮ," ಎಂದು ಮಗಳು ಅವನ ಕೈ ಹಿಡಿದಳು. ಆಮೇಲೆ ಸಿಟ್ಟಿಲ್ಲದೆ, ಪಾಠ ಒಪ್ಪಿಸುವಂತೆ ಅಪ್ಪನಿಗೆ ಹೇಳಿದಳು: "ನೀನೇ ಹೇಳ್ತಿರ್ತೀಯಲ್ಲಪ್ಪ, ಯಾವುದಕ್ಕೂ ಒಂದು ಸ್ಟ್ಯಾಂಡ್‌ಬೈ ಇರ್ಬೇಕು, ಅದನ್ನ ಆಗಾಗ ಓಡಿಸಿ ನೋಡ್ತಿರ್ಬೇಕು ಅಂತ. ಮಾಮನ್ನ ದಿನಾ ಓಡಿಸಿದೀನಿ."

ಸೀಟಿ ಕೇಳಿತು. ದರ್ಜಿ ಒಂಚೂರೂ ಕುಂಟಲಿಲ್ಲ.

"ಅಪ್ಪ-ಮಗಳ ಈ ಜೋಡಿಗೆ ಮೊದಲ ಬಹುಮಾನ!" ಮೈಕು ಕೂಗಿತು.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಪಂಪಣ್ಣನೇ. ಅಂಗೈ ತುಂಬ ಗ್ರೀಸು, ಸದ್ದೇ ಬರಲಿಲ್ಲ.