ಸ್ವಂತ ಮಾತಿನ ಗೈಡು ಬಂದಿಲ್ಲ

ಪಿಯುಸಿ ಮಕ್ಕಳಿಗೆ ಪಾಠ ಮಾಡುವವರಿಗೆ ಕೋಪಕ್ಕೂ ಬರವಿಲ್ಲ, ನಗುವಿಗೂ ಬರವಿಲ್ಲ. ಯಾವುದು ಮೊದಲು ಬರುತ್ತದೆ ಅನ್ನುವುದಷ್ಟೇ ಆ ದಿನದ ಪುಣ್ಯ.

ನಾನು ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಪಾಠ ಮಾಡುವವಳು. ಹೋದ ವರ್ಷ ನಮ್ಮ ಜಾಣ ಹುಡುಗಿಯೊಬ್ಬಳು ಡಿಗ್ರಿಗೆಂದು ಮೈಸೂರಿಗೆ ಹೋದವಳು, ಸ್ವಲ್ಪ ದಿನಕ್ಕೇ ಗಂಟುಮೂಟೆ ಸಮೇತ ವಾಪಸು ಬಂದಳು. "ಅಲ್ಲಿ ನೋಟ್ಸೇ ಕೊಡಲ್ಲ ಮೇಡಂ. ದಪ್ಪ ಪುಸ್ತಕ ಓದ್ಕಂಡು ಬಂದು ನಿನಗೇನನ್ಸುತ್ತೆ ಬರಿ ಅಂತಾರೆ. ನಂಗೇನೂ ಅನ್ಸಲ್ಲ" ಎಂದು ಅತ್ತಳು. ಅದಕ್ಕೇ ಈ ವರ್ಷ ಶನಿವಾರ ಓದಿ ಬರೆಯುವ ಕ್ಲಾಸು ಶುರು ಮಾಡಿದೆ.

ಕ್ಲಾಸಿನಲ್ಲಿ ತೆರಕಣಾಂಬಿಯ ಹುಡುಗಿಯೊಬ್ಬಳಿದ್ದಾಳೆ. ಬಸ್ಸು ನಿಲ್ಲುವ ಕಡೆಯೇ ಅವಳಪ್ಪನ ದಿನಸಿ ಅಂಗಡಿ. ನನ್ನನ್ನು ಕಂಡಾಗಲೆಲ್ಲ ಅವರು ಬಸ್ಸಿನ ಕಿಟಕಿಗೆ ಬಂದು, "ಮೈಸೂರ್ಗೆ ಕಳಿಸ್ಲಾ ಮೇಡಂ? ಇವ್ಳೂ ಅಂಗೇ ಗಂಟುಮೂಟೆ ಎತ್ಕಂಡು ಬಂದ್ಬುಟ್ರೆ?" ಅನ್ನುತ್ತಾರೆ. ಇಡೀ ಬಸ್ಸು ನನ್ನ ಉತ್ತರಕ್ಕೆ ಕಾಯುತ್ತದೆ. "ನೋಡೋಣ ಇರಿ" ಅನ್ನುತ್ತೇನೆ.

೧. ಗೆರೆ

ಮುಖ್ಯವಾದ ಸಾಲಿಗೆ ಮಾತ್ರ ಗೆರೆ ಎಳೆಯಿರಿ ಅಂದೆ. ಒಬ್ಬ ಪುಟದ ಸಂಖ್ಯೆಯನ್ನೂ ಬಿಡದೆ ಎಳೆದಿದ್ದ.

"ಎಲ್ಲಾ ಮುಖ್ಯಾನೇನಪ್ಪ?"

"ಬುಟ್ಟಿದ್ದೇ ಪರೀಕ್ಷೆಗೆ ಬಂದ್ಬುಟ್ರೆ ಮೇಡಂ?"

ಪಕ್ಕದವನ ಪುಟದಲ್ಲಿ ಒಂದು ಗೆರೆಯೂ ಇಲ್ಲ. ಯಾಕೋ ಅಂದರೆ, "ಯಾವ್ದು ಮುಖ್ಯ ಅಂತ ನೀವಿನ್ನೂ ಏಳ್ನಿಲ್ವಲ್ಲ."

೨. ಗೈಡು

ಓದಿದ್ದನ್ನು ಸ್ವಂತ ಮಾತಿನಲ್ಲಿ ಬರೆದು ತನ್ನಿ ಅಂದೆ. ಸೋಮವಾರ ಪುಸ್ತಕದಂಗಡಿಯವರು ರಸ್ತೆಯಲ್ಲೇ ತಡೆದರು.

"ಏನ್ ಮೇಡಂ, ನಿಮ್ ಮಕ್ಳು ಸ್ವಂತ ಮಾತಿನ ಗೈಡ್ ಕೊಡಿ ಅಂತ ತಲೆ ತಿಂತಾವರೆ. ಯಾವ ಪಬ್ಲಿಕೇಶನ್ನು ಏಳಿ, ತರಿಸ್ಬುಡ್ತೀನಿ."

ಗೈಡು ಸಿಗದಿದ್ದರೂ ಬರೆದು ತಂದರು. ಎಲ್ಲರದ್ದೂ ಅಕ್ಷರ ಅಕ್ಷರ ಒಂದೇ. ಇದು ಯಾರ ಸ್ವಂತ ಮಾತು ಎಂದು ಕೂಗಾಡಿದೆ. ಎಲ್ಲರೂ ತೆರಕಣಾಂಬಿಯವಳನ್ನು ತೋರಿಸಿದರು. "ಅವಳ್ದು ಮೇಡಂ. ನಾವೆಲ್ಲ ಒಪ್ಕಂಡ್ವಿ."

೩. ಎದುರು ಮಾತು

ಲೇಖಕರು ಹೇಳಿದ್ದು ಸರಿಯಿಲ್ಲ ಅನ್ನಿಸಿದರೆ ಹಾಗೇ ಬರೆಯಿರಿ ಅಂದೆ. "ಅಚ್ಚಾಗಿರೋದು ತಪ್ಪಾಗುತ್ತಾ ಮೇಡಂ?" ಎಂದು ಒಬ್ಬ ಕೇಳಿದ. ತಲೆ ಕೆಟ್ಟುಹೋಗಿ, ಓದಿನ ಮಹತ್ವದ ಮೇಲೆ ನಾನೇ ಹಿಂದೆ ಬರೆದಿದ್ದ ಲೇಖನವನ್ನು ಹೆಸರು ತೆಗೆದು ಹಂಚಿದೆ. "ಲೇಖಕರು ಬಹಳ ಚೆನ್ನಾಗಿ ಬರೆದಿದ್ದಾರೆ" ಎಂದು ಎಲ್ಲರೂ ಬರೆದರು, ತೆರಕಣಾಂಬಿಯವಳೊಬ್ಬಳನ್ನು ಬಿಟ್ಟು.

"ಇವರು ಹೇಳಿದ್ದನ್ನೇ ಹೇಳಿದ್ದಾರೆ. ಬಸ್ಸಿಳಿದು ಹೋಗಿ ಅಂಗಡಿ ನೋಡಿಕೊಂಡು ಅಡಿಗೆಯನ್ನೂ ಮಾಡುವವರು ಯಾವಾಗ ಓದಬೇಕು ಎಂದು ಹೇಳಿಲ್ಲ. ಇವರು ಒಂದು ದಿನವೂ ಪಾತ್ರೆ ತೊಳೆದಂತೆ ಕಾಣುವುದಿಲ್ಲ."

ಬೆಳಗ್ಗೆ ರಾಶಿ ಪಾತ್ರೆ ತೊಳೆದು ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ಇನ್ನೊಮ್ಮೆ ಓದಿದೆ. ಅಂತೂ ಒಬ್ಬಳಿಗಾದರೂ ಏನೋ ಅನ್ನಿಸಿತಲ್ಲ ಎಂದು ಕಣ್ಣು ತುಂಬಿತು.

ಮುಂದಿನ ಸಲ ತೆರಕಣಾಂಬಿಯಲ್ಲಿ ಅವಳಪ್ಪ ಕೇಳುವ ಮೊದಲೇ ಕಿಟಕಿಯಿಂದ ಕೂಗಿದೆ. "ಧೈರ್ಯವಾಗಿ ಕಳಿಸಿ. ದೊಡ್ಡವರು ಬರೆದದ್ದನ್ನೇ ತಪ್ಪು ಅಂತ ಎದುರಿಗೇ ಹೇಳ್ತಾಳೆ. ಅಲ್ಲಿ ಬೇಕಾಗಿರೋದೂ ಅದೇ."

"ಎದುರ್ ಮಾತಾಡದ್ಕೆ ಅಲ್ಲಿ ಮಾರ್ಕ್ಸ್ ಕೊಡ್ತಾರಾ?"

"ಹೂಂ, ಕೊಡ್ತಾರೆ."

"ಅಂಗಾದ್ರೆ ಕಳಿಸ್ತೀನಿ ಬುಡಿ ಮೇಡಂ. ಮನೇಲಿ ನಾವ್ ಅನುಭವ್ಸಿದ್ದು ಸಾಕು, ಇನ್ನ ಮೈಸೂರ್ನೋರು ಅನುಭವಿಸ್ಲಿ."