ವೇಟಿಂಗ್ ರೂಮಿನ ಕೌದಿ

ಮದುವೆಯಾದ ಗಂಡಸು ಊರು ಉದ್ಧಾರ ಮಾಡಲು ಹೊರಡಬಾರದು. ಹೊರಡಲೇಬೇಕೆಂದರೆ ಮೊದಲು ಮನೆಯಲ್ಲಿ ಕೇಳಿ ಹೊರಡಬೇಕು. ಇದು ನನ್ನ ಅನುಭವದ ಮಾತು. ಹೊಸಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ, ದರೋಜಿಗಿಂತ ಈಚೆ ಇರುವ ನಮ್ಮ ಹಳ್ಳಿಗೆ ಬಂದು ತೆಪ್ಪಗಿದ್ದೆ. ಆದರೆ ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಳ್ಳುವ ಚಟ ಬಿಟ್ಟಿರಲಿಲ್ಲ. ನಮ್ಮ ಕಡೆ ಜೇಬಿನಲ್ಲಿ ಪೆನ್ನು ಇರುವವನನ್ನು ಕಂಡರೆ ಯಾವುದಾದರೊಂದು ಸಮಿತಿಗೆ ಕಾರ್ಯದರ್ಶಿ ಮಾಡದೆ ಬಿಡುವುದಿಲ್ಲ. ಹಾಗೆ ನಾನು ರೈಲ್ವೆ ಸ್ಟೇಷನ್ ಜೀರ್ಣೋದ್ಧಾರ ಸಮಿತಿಯ ಕಾರ್ಯದರ್ಶಿಯಾದೆ.

ನಮ್ಮ ಸ್ಟೇಷನ್ ಬ್ರಿಟಿಷರ ಕಾಲದ್ದು. ಕಲ್ಲಿನ ಗೋಡೆ, ಹೆಂಚಿನ ಮಾಡು, ಎಂಥ ಬೇಸಿಗೆಯಲ್ಲೂ ತಣ್ಣಗಿರುವ ಕಡಪ ಕಲ್ಲಿನ ನೆಲದ ದೊಡ್ಡ ವೇಟಿಂಗ್ ರೂಮು. ಪ್ಯಾಸೆಂಜರ್ ಗಾಡಿ ನಿಲ್ಲುವುದು ತಪ್ಪಿ ಎಷ್ಟೋ ಕಾಲವಾಗಿತ್ತು. ಅದಿರು ತುಂಬಿದ ಗೂಡ್ಸ್ ಮಾತ್ರ ನಮ್ಮ ಮುಖಕ್ಕೆ ಕೆಂಪು ಧೂಳು ಎರಚಿ ಹೋಗುತ್ತಿತ್ತು. ಈಗ ರೈಲ್ವೆಯವರು, ಊರವರೇ ಮುಂದೆ ಬಂದು ನೋಡಿಕೊಳ್ಳುವುದಾದರೆ ಗಾಡಿ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಕಟ್ಟಡಕ್ಕೆ ಬೀಗ ಹಾಕುತ್ತೇವೆ ಎಂದಿದ್ದರು. ಸಾಹೇಬರೊಬ್ಬರು ಬಂದು ನೋಡುವವರಿದ್ದರು. ನಾನು ಮೈಕಿನಲ್ಲಿ ‘ಊರವರೆಲ್ಲ ಕೈಜೋಡಿಸಬೇಕು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಸಭೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ್ದರಿಂದ ಒಂದಷ್ಟು ಗಂಡಸರು ಬಂದರು. ಮಿರ್ಚಿ ಮುಗಿದ ಮೇಲೆ ಒಬ್ಬನಿಗೆ ಹೊಲ ನೆನಪಾಯಿತು, ಇನ್ನೊಬ್ಬನಿಗೆ ಎಮ್ಮೆ. ಕೊನೆಗೆ ಉಳಿದವರು ನಾನು ಮತ್ತು ಮಿರ್ಚಿ ಕಟ್ಟಿ ತಂದ ಪೇಪರು.

ಸರಿ, ನಾನೇ ಪೊರಕೆ ಹಿಡಿದು ಹೋದರೆ ವೇಟಿಂಗ್ ರೂಮಿನ ತುಂಬ ಕೌದಿ! ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುತ್ತಲೂ ಹೆಂಗಸರು ಕೂತು ಹೊಲಿಯುತ್ತಿದ್ದರು. ಅವರ ನಡುವೆ ನನ್ನ ಹೆಂಡತಿ ಶಾಂತಮ್ಮ. ಇಷ್ಟು ಅಗಲದ ನೆಲ ಊರಿನ ಯಾವ ಮನೆಯಲ್ಲೂ ಇಲ್ಲದ್ದರಿಂದ ಇದು ವರ್ಷಗಳಿಂದ ನಡೆದಿದೆಯಂತೆ. ಕಸ ಗುಡಿಸುವವರೂ ಅವರೇ, ಒಡೆದ ಹೆಂಚು ಹಾಕಿಸಿದವರೂ ಅವರೇ. ಮಧ್ಯಾಹ್ನದ ಹೊತ್ತು ಇವಳು ಎಲ್ಲಿಗೆ ಹೋಗುತ್ತಾಳೆಂದು ನಾನು ಕೇಳಿಯೇ ಇರಲಿಲ್ಲ. ನನಗೆ ಆಗ ನಿದ್ದೆ.

‘ಸಾಹೇಬ್ರು ಬರ್ತಾರ, ಇದನ್ನ ತಗೀರಿ’ ಎಂದೆ. ಪಕ್ಕದ ಮನೆಯ ಮುದುಕಿ ಹುಲಿಗೆಮ್ಮ ಕಣ್ಣೆತ್ತದೆ, ‘ಹಾಸಿದ ಕೌದಿ ಅರ್ಧಕ್ಕ ಮಡಚಬಾರ್ದಪಾ. ಇದು ನನ್ನ ಮೊಮ್ಮಗಳ ಬಾಣಂತನಕ್ಕ. ಹೊಟ್ಟಿಯಾಗಿನ ಕೂಸಿಗೆ ಒಳ್ಳೇದಲ್ಲ’ ಎಂದಳು. ಈ ಶಾಸ್ತ್ರ ಆ ಕ್ಷಣದಲ್ಲೇ ಹುಟ್ಟಿತೆಂದು ನನಗೆ ಬಲವಾದ ಅನುಮಾನ. ಆದರೆ ಹುಟ್ಟಲಿರುವ ಕೂಸಿನ ಮಾತು ಬಂದ ಮೇಲೆ ಯಾವ ಕಾರ್ಯದರ್ಶಿ ತಾನೇ ಬಾಯಿ ತೆರೆದಾನು? ‘ಹಂಗಾರ ನಿಮಗ ರೈಲು ಬ್ಯಾಡೇನು?’ ಎಂದು ಮೆಲ್ಲಗೆ ಕೇಳಿದೆ.

‘ಬ್ಯಾಡ ಅಂದೋರು ಯಾರ್ರಿ?’ ಶಾಂತಮ್ಮ ಸೂಜಿ ನಿಲ್ಲಿಸಿದಳು. ‘ಆ ಬಸುರಿ ಹುಡುಗಿನ್ನ ಹೊಸಪೇಟಿ ದವಾಖಾನಿಗೆ ಆಟೋದಾಗ ಕುಲುಕಿಸ್ಕೊಂತ ಒಯ್ಯಾಕತ್ತೀವಿ. ರೈಲೂ ಬೇಕು, ಈ ಜಾಗಾನೂ ಬೇಕು. ಮನಿಯಾಗ ಕುಂತ್ರ ಚಾ ಮಾಡು ಅಂತೀರಿ, ಕಟ್ಟಿ ಮ್ಯಾಲ ಕುಂತ್ರ ಏನ್ ಹರಟಿ ಅಂತೀರಿ. ನಾವು ನಾಕು ಮಂದಿ ಕೂಡಿ ಕುಂದ್ರಾಕ ಊರಾಗ ಬ್ಯಾರೆ ಜಾಗ ಐತೇನ್ರಿ?’

ಇರಲಿಲ್ಲ. ಆದರೂ ಸಮಿತಿಯ ಮರ್ಯಾದೆ ಅಂತ ಒಂದಿತ್ತಲ್ಲ! ಸಾಹೇಬರನ್ನು ಹೊರಗೇ ಕೂರಿಸಿ, ಎಳನೀರು ಕುಡಿಸಿ ಕಳಿಸಿಬಿಡುವುದೆಂದು ನಿಶ್ಚಯಿಸಿ ಪ್ಲಾಟ್‌ಫಾರಂ ಮೇಲೆ ಶಾಮಿಯಾನ ಹಾಕಿಸಿದೆ.

ನಮ್ಮ ಕಡೆಯ ಬಿಸಿಲು ಯಾವ ಶಾಮಿಯಾನಕ್ಕೆ ಬಗ್ಗೀತು? ಸಾಹೇಬರು ಹಾರ ಹಾಕಿಸಿಕೊಂಡವರೇ ಬೆವರು ಒರೆಸುತ್ತ ನೆಟ್ಟಗೆ ವೇಟಿಂಗ್ ರೂಮಿಗೆ ನಡೆದರು. ‘ಬೂಟು ಬಿಟ್ಟು ಬರ್ರಿ ಸರ’ ಎಂದು ಒಳಗಿನಿಂದ ಹುಲಿಗೆಮ್ಮನ ದನಿ ಬಂತು. ಅವರು ಬೂಟು ಬಿಟ್ಟರು, ತಣ್ಣನೆಯ ನೆಲದ ಮೇಲೆ ಹಾಯಾಗಿ ಕೂತರು, ತಮ್ಮ ಅಜ್ಜಿ ಹೊಲಿದ ಕೌದಿಯ ಕಥೆ ಶುರುಮಾಡಿದರು. ಶಾಂತಮ್ಮ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿ, ‘ಅರ್ಧ ರೂಮು ಪ್ಯಾಸೆಂಜರಿಗೆ, ಅರ್ಧ ನಮಗ’ ಎಂದು ತೀರ್ಪನ್ನೂ ಕೊಟ್ಟಳು. ಸಾಹೇಬರು ಹೊರಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: ‘ಇವರು ಯಾಕ್ರೀ ನಿಮ್ಮ ಸಮಿತಿಯಲ್ಲಿ ಇಲ್ಲ?’

ಈಗ ಇದ್ದಾರೆ. ಅವರೇ ಇದ್ದಾರೆ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ನಿಲ್ಲುತ್ತದೆ. ಮೊದಲ ದಿನ ಹುಲಿಗೆಮ್ಮ ಮೊಮ್ಮಗಳ ಕೈಹಿಡಿದು ನಿಧಾನವಾಗಿ ಹತ್ತಿಸಿದಾಗ ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು. ಆ ಸಂತೋಷದಲ್ಲೇ ಮಧ್ಯಾಹ್ನ ವೇಟಿಂಗ್ ರೂಮಿನ ತಂಪಿನಲ್ಲಿ ಒಂದಿಷ್ಟು ಒರಗೋಣವೆಂದು ಹೋದೆ. ‘ಈ ಕಡಿ ಪ್ಯಾಸೆಂಜರದು. ಟಿಕೇಟ್ ಐತೇನ್ರಿ?’ ಎಂದಳು ಶಾಂತಮ್ಮ, ಸಮಿತಿಯ ಈಗಿನ ಅಧ್ಯಕ್ಷೆ. ಇಲ್ಲವೆಂದೆ. ‘ಹಂಗಾರ ಈ ಕಡಿ ಬರ್ರಿ, ಸೂಜಿ ಹಿಡೀರಿ.’ ಹಿಡಿದೆ. ನಾನು ಹಾಕಿದ ಹೊಲಿಗೆಯನ್ನು ನೋಡಿ ಹುಲಿಗೆಮ್ಮ ಅಷ್ಟನ್ನೂ ಬಿಚ್ಚಿದಳು. ಆಮೇಲೆ, ‘ನೀ ದಾರ ಪೋಣಿಸಿ ಕೊಡಪಾ, ಸಾಕು’ ಎಂದಳು. ಈಗ ದಿನಾ ಮಧ್ಯಾಹ್ನ ಕನ್ನಡಕ ಏರಿಸಿಕೊಂಡು ದಾರ ಪೋಣಿಸುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಕಾರ್ಯದರ್ಶಿಯಾಗಿದ್ದಾಗ ನನ್ನಿಂದ ಊರಿಗೆ ಇಷ್ಟೂ ಉಪಯೋಗವಾಗಿರಲಿಲ್ಲ.